ಕೆಂಪು ಪೆನ್ನಿನ ಉತ್ತರಗಳು: ನಾವು ಮೆಚ್ಚುವ ಮಹಿಳೆಯರು

ಈ ತಿಂಗಳ ವಿಷಯ ಸಂಪಾದಕರು ಕೊಟ್ಟದ್ದು: ನೀವು ಮೆಚ್ಚುವ ಮಹಿಳೆ ಯಾರು, ಯಾಕೆ? ಪತ್ರಗಳು ರಾಶಿ ಬಿದ್ದಿವೆ. ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಈ ಪತ್ರಿಕೆಯ ಕರಡು ತಿದ್ದುವವಳು. ಮಹಿಳಾ ದಿನದ ವಿಶೇಷ ಸಂಚಿಕೆ ಪ್ರತಿ ವರ್ಷ ನನ್ನ ಮೇಜು ದಾಟಿಯೇ ಅಚ್ಚಿಗೆ ಹೋಗುತ್ತದೆ. ಛಲಗಾತಿ, ತ್ಯಾಗಮಯಿ, ಸಹನಾಮೂರ್ತಿ ಅಂತ ಪುಟಗಟ್ಟಲೆ ಓದುತ್ತೇನೆ. ಅಷ್ಟು ಓದಿದರೂ ಆಕೆ ಬೆಳಿಗ್ಗೆ ಎದ್ದು ಏನು ಕೆಲಸ ಮಾಡುತ್ತಿದ್ದಳು ಅಂತ ಎಷ್ಟೋ ಸಲ ಗೊತ್ತೇ ಆಗೋದಿಲ್ಲ. ಹಾಗಾಗಿ ಇಲ್ಲಿ ಹೊಗಳಿಕೆ ಕಡಿಮೆ, ಕೆಲಸದ ವಿಷಯ ಜಾಸ್ತಿ.

ನೀವು ಎಲ್ಲರಿಗಿಂತ ಹೆಚ್ಚು ಮೆಚ್ಚುವ ಮಹಿಳೆ ಯಾರು? ಒಂದೇ ಹೆಸರು ಹೇಳಬೇಕು. ಜಾರಿಕೊಳ್ಳಬಾರದು.
– ಹಳೆಯ ಓದುಗ

ಅನ್ನಾ ಮಣಿ. ಜಾರಿಕೊಂಡಿಲ್ಲ ತಾನೇ?

1918ರಲ್ಲಿ, ಆಗಿನ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದವರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಹೋದರೆ, ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಅಂದ ಹುಡುಗಿ. ಇವರ ಬಗ್ಗೆ ಬರೆಯುವವರೆಲ್ಲ ಈ ಕಥೆ ಹೇಳುತ್ತಾರೆ. ಚೆನ್ನಾಗಿದೆ, ನಾನೂ ಹೇಳಿದೆ. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಕೈಗೆ ಸಿಕ್ಕಿದ್ದು ಮತ್ತೆ ವಜ್ರಗಳೇ! ಅವುಗಳ ಮೂಲಕ ಬೆಳಕು ಹಾಯಿಸಿ ಅದರ ಬಣ್ಣಗಳನ್ನು ಪರೀಕ್ಷಿಸಬೇಕಿತ್ತು. ಒಂದು ಫೋಟೊ ಪ್ಲೇಟಿಗೆ ಹದಿನೈದು-ಇಪ್ಪತ್ತು ಗಂಟೆ ಬೆಳಕು ಬೀಳಬೇಕು. ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಮಲಗುತ್ತಿದ್ದರು. ಒಬ್ಬರೇ ಬರೆದ ಐದು ಸಂಶೋಧನಾ ಲೇಖನಗಳು ಅಚ್ಚಾದವು. ಪಿಎಚ್.ಡಿ. ಮಾತ್ರ ಸಿಗಲಿಲ್ಲ. ಎಂ.ಎಸ್ಸಿ. ಓದಿಲ್ಲವಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಕೊಡಲಿಲ್ಲ.

1945ರಲ್ಲಿ ಭೌತಶಾಸ್ತ್ರ ಓದಬೇಕೆಂದು ಇಂಗ್ಲೆಂಡಿಗೆ ಹೋದರು. ಅಲ್ಲಿ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ಅದೊಂದೇ ಖಾಲಿ ಇತ್ತು. ಸರಿ, ಅದನ್ನೇ ಕಲಿತರು. 1948ರಲ್ಲಿ ವಾಪಸ್ ಬಂದು ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ನನಗೆ ಇಷ್ಟವಾಗುವ ಭಾಗ ಶುರುವಾಗೋದೇ ಇಲ್ಲಿಂದ. ತೀರಾ ಸರಳ ಉಪಕರಣವೂ ಹೊರದೇಶದಿಂದ ಬರುತ್ತಿದ್ದ ಕಾಲ ಅದು. ಮಣಿ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಮಾನಕಕ್ಕೆ ತಂದು, ಅವು ನಮ್ಮ ದೇಶದಲ್ಲೇ ತಯಾರಾಗುವ ಹಾಗೆ ಮಾಡಿದರು. ತಪ್ಪು ಅಳತೆ ಇಟ್ಟುಕೊಳ್ಳೋದಕ್ಕಿಂತ ಅಳತೆ ಇಲ್ಲದಿರೋದೇ ವಾಸಿ ಅನ್ನುವುದು ಅವರ ನಂಬಿಕೆ. ಬಿಸಿಲಿನ ಶಕ್ತಿ ಅಳೆಯಲು ದೇಶದ ಹಲವು ಕಡೆ ಕೇಂದ್ರಗಳಾದವು. ಓಜೋನ್ ಅಳೆಯಲು ಬಲೂನಿನಲ್ಲಿ ಮೇಲೆ ಕಳಿಸುವ ಉಪಕರಣ ತಯಾರಾಯಿತು. 1976ರಲ್ಲಿ ನಿವೃತ್ತಿಯಾದ ಮೇಲೂ ಸುಮ್ನೆ ಕೂರಲಿಲ್ಲ. ನೂರಾರು ಜಾಗಗಳಲ್ಲಿ ಗಾಳಿಯ ವೇಗ ಅಳೆಯುವ ಕೆಲಸ ನಡೆಸಿದರು.

1980ರಲ್ಲಿ ಭಾರತದ ಸೌರ ವಿಕಿರಣದ ಅಂಕಿಅಂಶಗಳ ಕೈಪಿಡಿ ತಂದರು. ಅಂಕಿಗಳ ಕೋಷ್ಟಕ ತಿದ್ದುವುದು ಅಂದರೆ ಏನು ಅಂತ ನನಗೆ ಗೊತ್ತು. ಕಥೆಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋದರೆ ಓದುಗರು ಮನಸ್ಸಿನಲ್ಲೇ ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ. ಕೋಷ್ಟಕದಲ್ಲಿ 3 ಇರಬೇಕಾದಲ್ಲಿ 8 ಬಿದ್ದರೆ ಯಾರಿಗೂ ತಿಳಿಯೋದಿಲ್ಲ. ಅದನ್ನು ನಂಬಿ ಯಾರೋ ಲೆಕ್ಕ ಹಾಕುತ್ತಾರೆ, ಇನ್ಯಾರೋ ದುಡ್ಡು ಸುರಿಯುತ್ತಾರೆ. ಇಂಥ ತಪ್ಪು ಒಂದೂ ಉಳಿಯಬಾರದು ಅಂತ ಜೀವಮಾನ ಕಳೆದವರನ್ನು ನಾನು ಮೆಚ್ಚದೆ ಇನ್ಯಾರು ಮೆಚ್ಚಬೇಕು?

ಹೆಣ್ಣಾಗಿ ಭೌತಶಾಸ್ತ್ರ ಮಾಡಿದ್ದು ದೊಡ್ಡ ಸಂಗತಿ ಅಂತ ಅವರಿಗೇ ಅನ್ನಿಸಿರಲಿಲ್ಲ. ಈ ಅಂಕಣ ನೋಡಿದ್ದರೆ ಇದೇನು ಗಲಾಟೆ ಅನ್ನುತ್ತಿದ್ದರೇನೋ.

ಮೇಡಂ, ನೀವು ನಿಮ್ಮನ್ನು ಮೆಚ್ಚಿಕೊಳ್ಳುತ್ತೀರಾ?
– ತರಲೆ ಓದುಗ

ಪುಟಗಳು ಅಚ್ಚಿಗೆ ಹೋಗುವ ರಾತ್ರಿ ಮೆಚ್ಚಿಕೊಳ್ಳುತ್ತೇನೆ. ಸಂಚಿಕೆ ನಿಮ್ಮ ಕೈ ಸೇರಿದ ಮೇಲೆ ಧೈರ್ಯ ಸಾಲೋದಿಲ್ಲ.

ಎಲ್ಲ ಕಡೆ ಮಹಿಳೆಯರನ್ನೇ ಮೆಚ್ಚುತ್ತೀರಿ. ಗಂಡಸರು ಏನು ಪಾಪ ಮಾಡಿದ್ದಾರೆ?
– ನೊಂದ ಗಂಡಸು

ನೊಂದುಕೊಳ್ಳಬೇಡಿ. ಈ ತಿಂಗಳು ಇಬ್ಬರನ್ನು ಮೆಚ್ಚಿದ್ದೇನೆ. 1903ರ ಭೌತಶಾಸ್ತ್ರದ ನೊಬೆಲ್‌ಗೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಕೆಲವು ಸದಸ್ಯರು ಬರೆದ ಶಿಫಾರಸಿನಲ್ಲಿ ಪಿಯರ್ ಕ್ಯೂರಿ ಹೆಸರಿತ್ತು, ಬೆಕೆರೆಲ್ ಹೆಸರಿತ್ತು. ಮೇರಿ ಕ್ಯೂರಿ ಹೆಸರಿರಲಿಲ್ಲ. ಇದನ್ನು ತಿಳಿದ ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರ್ ಪಿಯರ್‌ಗೆ ಸುದ್ದಿ ಮುಟ್ಟಿಸಿದರು. ಹಾಗಿದ್ದರೆ ನಮ್ಮಿಬ್ಬರನ್ನೂ ಒಟ್ಟಿಗೆ ಪರಿಗಣಿಸಿ ಅಂತ ಪಿಯರ್ ಬರೆದರು. ಮೇರಿಯ ಹೆಸರು ಸೇರಿತು. ನಿಮ್ಮ ಆಫೀಸಿನಲ್ಲೂ ಇಂಥದ್ದೊಂದು ಪಟ್ಟಿ ಇದ್ದೇ ಇರುತ್ತದೆ. ಒಂದು ಪತ್ರ ಬರೆಯಿರಿ. ನಿಮ್ಮನ್ನೂ ಮೆಚ್ಚುತ್ತೇನೆ.

ನನಗೆ ಎರಡು ವರ್ಷದ ಮಗು ಇದೆ. ಸಾಧಕಿಯರ ಕಥೆ ಓದಿದರೆ ಸ್ಫೂರ್ತಿ ಬರೋದಿಲ್ಲ. ನಾನು ಏನೂ ಮಾಡಲಿಲ್ಲವಲ್ಲ ಅಂತ ಬೇಜಾರಾಗುತ್ತದೆ. ತಪ್ಪು ನನ್ನದಾ?
– ಗೃಹಿಣಿ

ತಪ್ಪು ಬರೆಯುವವರದು. ಮಗುವನ್ನು ಯಾರು ನೋಡಿಕೊಂಡರು ಅನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆಯುತ್ತಾರೆ.

ಅದೇ ಕ್ಯೂರಿ ಮನೆಗೆ ಹೋಗೋಣ. ಸೋರುವ ಶೆಡ್ಡು, ಟನ್ನುಗಟ್ಟಲೆ ಅದಿರು, ಆಳೆತ್ತರದ ಕಬ್ಬಿಣದ ಕೋಲು ಹಿಡಿದು ಕುದಿಯುವ ದ್ರಾವಣ ಕಲಕುತ್ತಿರುವ ಮೇರಿ, ಕೊನೆಗೆ 1902ರಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್. ಇದು ಎಲ್ಲರಿಗೂ ಗೊತ್ತು. ಅಷ್ಟು ಹೊತ್ತು ಮಗು ಐರೀನ್ ಎಲ್ಲಿದ್ದಳು? 1897ರಲ್ಲಿ ಅವಳು ಹುಟ್ಟಿದ ಹೊತ್ತಿಗೇ ಪಿಯರ್ ಅವರ ತಾಯಿ ತೀರಿಕೊಂಡರು. ತಂದೆ ಯುಜೀನ್ ಕ್ಯೂರಿ ಮಗ-ಸೊಸೆಯ ಜೊತೆ ಇರಲು ಬಂದರು. ಅವರು ವೈದ್ಯರು. ಮೊಮ್ಮಗಳನ್ನು ನೋಡಿಕೊಳ್ಳುವ ಕೆಲಸ ಅವರದಾಯಿತು. 1906ರಲ್ಲಿ ಪಿಯರ್ ಕುದುರೆ ಗಾಡಿಗೆ ಸಿಕ್ಕಿ ಸತ್ತರು. ಆಮೇಲೂ ಈ ಮಾವ ಸೊಸೆಯ ಮನೆಯಲ್ಲೇ ಉಳಿದರು. 1910ರಲ್ಲಿ ಸಾಯುವವರೆಗೂ ಇಬ್ಬರು ಮೊಮ್ಮಕ್ಕಳಿಗೆ ಅವರೇ ಆಸರೆ. ಐರೀನ್ ಮುಂದೆ 1935ರಲ್ಲಿ ತಾನೂ ನೊಬೆಲ್ ಪಡೆದಳು.

ಇದರಿಂದ ಮೇರಿಯ ದೊಡ್ಡಸ್ತಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗೋದಿಲ್ಲ. ಆದರೆ ಈ ಮಾವನನ್ನು ಬಿಟ್ಟು ಕಥೆ ಬರೆದರೆ ಓದಿದ ತಾಯಂದಿರಿಗೆ ಬೇಜಾರಾಗದೆ ಇನ್ನೇನು? ಇನ್ನು ಮೇಲೆ ಯಾವ ಸಾಧಕಿಯ ಕಥೆ ಓದಿದರೂ ಮನೆಯಲ್ಲಿ ಯಾರಿದ್ದರು ಅಂತ ಹುಡುಕಿ. ಹಾಗೇ ಈ ಪುಟವನ್ನು ಮನೆಯವರಿಗೆ ತೋರಿಸಿ. ಮಾವನವರಿಗೆ ಮೊದಲು.

ಐದನೇ ಕ್ಲಾಸಿನ ಮಗಳು ಸಾವಿತ್ರಿಬಾಯಿ ಫುಲೆ ಬಗ್ಗೆ ಮೂರು ನಿಮಿಷ ಮಾತಾಡಬೇಕಂತೆ. ಏನು ಬರೆದುಕೊಡಲಿ?
– ತಾಯಿ

ಬರೆದುಕೊಡಬೇಡಿ. ಚೀಲದಲ್ಲಿದ್ದ ಸೀರೆಯ ಕಥೆ ಹೇಳಿ ಸಾಕು, ಉಳಿದದ್ದನ್ನು ಅವಳೇ ಮಾತಾಡುತ್ತಾಳೆ.

1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಗಂಡ ಜ್ಯೋತಿಬಾ ಜೊತೆ ಹೆಣ್ಣುಮಕ್ಕಳ ಶಾಲೆ ಶುರುಮಾಡಿದಾಗ ಸಾವಿತ್ರಿಬಾಯಿಗೆ ಹದಿನೇಳು ವರ್ಷ. ಶಾಲೆಗೆ ಹೋಗುವ ದಾರಿಯಲ್ಲಿ ಜನ ಕೆಸರು, ಸಗಣಿ, ಕಲ್ಲು ಎಸೆಯುತ್ತಿದ್ದರು. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೊರಡುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಕೊಳೆಯಾದದ್ದನ್ನು ಬದಲಿಸಿ ಪಾಠ ಶುರು.

ಭಾಷಣಗಳಲ್ಲಿ ಎಲ್ಲರೂ ಕೆಸರಿನ ಬಗ್ಗೆ ಹೇಳುತ್ತಾರೆ. ನನಗೆ ಕಾಣುವುದು ಚೀಲ. ಇವತ್ತೂ ಸಗಣಿ ಬೀಳುತ್ತದೆ ಅಂತ ಬೆಳಿಗ್ಗೆಯೇ ಲೆಕ್ಕ ಹಾಕಿ ಮಡಿಸಿಟ್ಟ ಸೀರೆ. ಅವರಿಗೆ ಸಿಟ್ಟು ಬರುತ್ತಿರಲಿಲ್ಲ ಅಂತ ನಾನು ನಂಬೋದಿಲ್ಲ. ಆದರೆ ಆ ಸಿಟ್ಟಿಗೆ ಪಾಠದ ಹೊತ್ತು ಕೊಡಲು ಅವರು ತಯಾರಿರಲಿಲ್ಲ. ಮಗಳಿಗೆ ಒಂದು ಪ್ರಶ್ನೆ ಕೇಳಿ ನೋಡಿ: ಸಂಜೆ ಆ ಸೀರೆ ಯಾರು ಒಗೆದಿರಬಹುದು?

ಸಮಯ ಉಳಿದರೆ 1897ರ ಪ್ಲೇಗಿನ ಬಗ್ಗೆ ಹೇಳಲಿ. ರೋಗ ಬಂದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸೆ ಕೊಡುವಲ್ಲಿಗೆ ತಂದರು. ಅದೇ ರೋಗ ಅವರಿಗೂ ತಗುಲಿ ಮಾರ್ಚ್ 10ರಂದು ತೀರಿಕೊಂಡರು.

‘ಅಮ್ಮನೇ ನನಗೆ ಸ್ಫೂರ್ತಿ’ ಅಂತ ಹೋದ ತಿಂಗಳು ಬರೆದು ಕಳಿಸಿದ್ದೆ. ಯಾಕೆ ಹಾಕಲಿಲ್ಲ?
– ಬೇಸರಗೊಂಡ ಓದುಗಿ

ಅರ್ಧಕ್ಕರ್ಧ ಪತ್ರಗಳಲ್ಲಿ ಅದೇ ವಾಕ್ಯ ಇತ್ತಮ್ಮಾ. ಯಾರ ಅಮ್ಮ ಯಾರು ಅಂತ ಗುರುತೇ ಸಿಗಲಿಲ್ಲ. ಒಬ್ಬರು ಮಾತ್ರ ತಮ್ಮ ಅಮ್ಮ ಐವತ್ತು ದಾಟಿದ ಮೇಲೆ ಸ್ಕೂಟರ್ ಕಲಿತದ್ದನ್ನು ಬರೆದಿದ್ದರು. ಯಾರೂ ನೋಡಬಾರದು ಅಂತ ಜನ ಮಲಗಿದ ಮೇಲೆ ಹೊರಡುತ್ತಿದ್ದರಂತೆ. ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ತಿರುವು ಬಂದರೆ ಇಂಡಿಕೇಟರ್ ಹಾಕುತ್ತಿದ್ದರಂತೆ. ಆ ಪತ್ರ ಮುಂದಿನ ತಿಂಗಳು ಬರುತ್ತದೆ. ನಿಮ್ಮ ಅಮ್ಮನದ್ದೂ ಹೀಗೊಂದು ಬರೆದು ಕಳಿಸಿ.

ನಾನು ಕುಳ್ಳಿ. ಓಟದಲ್ಲಿ ಯಾವಾಗಲೂ ಕೊನೆ. ನನ್ನಂಥವರು ಯಾರನ್ನು ನೋಡಿ ಕಲಿಯಬೇಕು?
– ಒಂಬತ್ತನೇ ಕ್ಲಾಸಿನ ಹುಡುಗಿ

ಜಪಾನಿನ ಜುಂಕೊ ತಾಬೆಯನ್ನು ನೋಡು. ಚಿಕ್ಕವಳಿದ್ದಾಗ ಸಣಕಲು ಹುಡುಗಿ. ದೊಡ್ಡವಳಾದ ಮೇಲೂ ಐದಡಿ ದಾಟಲಿಲ್ಲ. 1975ರ ಮೇ 16ರಂದು ಎವರೆಸ್ಟ್ ಮೇಲೆ ನಿಂತ ಮೊದಲ ಹೆಂಗಸು ಇವರೇ.

ಅವರದು ಹೆಂಗಸರದೇ ತಂಡ. ದುಡ್ಡು ಕೇಳಲು ಹೋದರೆ ಮನೆಯಲ್ಲಿದ್ದು ಮಕ್ಕಳನ್ನು ಸಾಕಿ ಅಂದರು. ಕೊನೆಗೆ ಒಂದು ಪತ್ರಿಕೆ ಮತ್ತು ಟಿವಿ ಚಾನೆಲ್ ನೆರವು ಕೊಟ್ಟವು, ಅದೂ ಸಾಲಲಿಲ್ಲ. ಕಾರಿನ ಸೀಟಿನ ಹೊದಿಕೆಯಿಂದ ಕೈಗವಸು ಹೊಲಿದುಕೊಂಡರು. ಮಲಗುವ ಚೀಲಗಳನ್ನೂ ತಾವೇ ತಯಾರಿಸಿಕೊಂಡರು. ತಂಡದಲ್ಲಿದ್ದ ಟೀಚರುಗಳಿಗೆ ಅವರ ಶಾಲೆಯ ಮಕ್ಕಳು ಜಾಮ್ ಪ್ಯಾಕೆಟ್ ಕೂಡಿಸಿ ಕೊಟ್ಟರು. ಮೇ 4ರಂದು ಹಿಮಪಾತದಲ್ಲಿ ತಾಬೆ ಹೂತುಹೋದರು. ಶೆರ್ಪಾಗಳು ಎಳೆದು ತೆಗೆದಾಗ ಪ್ರಜ್ಞೆ ಇರಲಿಲ್ಲ. ನಡೆಯಲು ಆಗುವ ಹಾಗಾಗಲು ಎರಡು ದಿನ ಬೇಕಾಯಿತು. ಹನ್ನೆರಡನೇ ದಿನ ಶಿಖರದ ಮೇಲಿದ್ದರು.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ತುದಿ ಹತ್ತಿರವಾದಾಗ ಕತ್ತಿಯ ಅಲಗಿನಂಥ ಮಂಜಿನ ಏಣು ಎದುರಾಯಿತು. ಎರಡೂ ಕಡೆ ಪಾತಾಳ. ಅಡ್ಡಡ್ಡ ತೆವಳಿಕೊಂಡೇ ಹೋಗಬೇಕು. ಮೊದಲು ಹತ್ತಿ ಬಂದವರ ಬರಹಗಳನ್ನು ಓದಿಕೊಂಡೇ ಹೋಗಿದ್ದರು. ಒಬ್ಬರೂ ಇದರ ಬಗ್ಗೆ ಒಂದಕ್ಷರ ಬರೆದಿರಲಿಲ್ಲ! ಅಲ್ಲಿ, ಆ ಎತ್ತರದಲ್ಲಿ, ಅವರಿಗೆ ಬಂದದ್ದು ಕೆಟ್ಟ ಕೋಪ. ನಾನಾಗಿದ್ದರೂ ಹಾಗೇ ಕೋಪ ಮಾಡಿಕೊಳ್ಳುತ್ತಿದ್ದೆ, ಅಲ್ಲಿಯವರೆಗೆ ಹತ್ತಿದ್ದರೆ.

ಓಟದ ಚಿಂತೆ ಬಿಡು. ಬೆಟ್ಟದಲ್ಲಿ ಓಡಬೇಕಾಗಿಲ್ಲ, ನಿಧಾನಕ್ಕೆ ನಡೆದರೆ ಸಾಕು ಅನ್ನೋದೇ ತಾಬೆಗೆ ಹಿಡಿಸಿದ್ದು.

ಪ್ರಸಿದ್ಧರನ್ನು ಬಿಡಿ. ಯಾರಿಗೂ ಗೊತ್ತಿಲ್ಲದ ಒಬ್ಬರ ಬಗ್ಗೆ ಹೇಳಿ.
– ಗ್ರಂಥಪಾಲಕಿ

ನನಗೆ ಈ ಕೆಲಸ ಕಲಿಸಿದವರು. ಹೆಸರು ಹಾಕಿದರೆ ಬೈತಾರೆ, ಹಾಗಾಗಿ ‘ಅಕ್ಕ’ ಅಂತಿಟ್ಟುಕೊಳ್ಳಿ.

ಅಕ್ಕನ ಹತ್ತಿರ ಒಂದು ಉಕ್ಕಿನ ಸ್ಕೇಲು ಇತ್ತು. ಓದುವ ಸಾಲಿನ ಕೆಳಗೆ ಅದನ್ನಿಟ್ಟು ಮುಂದಿನ ಸಾಲುಗಳನ್ನು ಮುಚ್ಚುತ್ತಿದ್ದರು. ಇಲ್ಲದಿದ್ದರೆ ಕಣ್ಣು ತಪ್ಪಿಗೆ ಕಾಯದೆ ಕಥೆಯ ಹಿಂದೆ ಓಡುತ್ತದೆ. ಮುಖ್ಯ ಶೀರ್ಷಿಕೆಗಳನ್ನು ಕೊನೆಯ ಪದದಿಂದ ಹಿಂದಕ್ಕೆ ಓದುತ್ತಿದ್ದರು. ದೊಡ್ಡಕ್ಷರದ ತಪ್ಪೇ ಎಲ್ಲರ ಕಣ್ಣು ತಪ್ಪಿಸೋದು. ಶ್ರದ್ಧಾಂಜಲಿ ಜಾಹೀರಾತು ಬಂದರೆ ನನ್ನನ್ನು ಎದುರು ಕೂರಿಸಿ, ಒತ್ತು, ದೀರ್ಘ, ಸೊನ್ನೆ ಎಲ್ಲ ಬಿಡಿಸಿ ಜೋರಾಗಿ ಓದಿಸುತ್ತಿದ್ದರು.

ಒಂದು ರಾತ್ರಿ ಪುಟ ಹೋಗುವ ಹೊತ್ತು ಮೀರಿತ್ತು. ತೀರಿಕೊಂಡವರ ಹೆಸರು ಮೂಲ ಪ್ರತಿಯಲ್ಲೇ ಎರಡು ಕಡೆ ಎರಡು ಥರ ಇತ್ತು. ಸುದ್ದಿ ಸಂಪಾದಕರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಅಕ್ಕ ಪುಟದ ಮೇಲಿಟ್ಟ ಕೈ ತೆಗೆಯಲಿಲ್ಲ. ಆ ಮನೆಗೆ ಫೋನ್ ಮಾಡಿ, ಯಾವುದು ಸರಿ ಅಂತ ಕೇಳಿ, ತಿದ್ದಿ, ಆಮೇಲೆ ಕೊಟ್ಟರು. ನನ್ನ ಕಡೆ ತಿರುಗಿ, “ಈ ಹೆಸರು ಅಚ್ಚಾಗೋದು ಇದೇ ಕೊನೆ ಸಲ ಮಾರಾಯ್ತಿ” ಅಂದರು.

ಪ್ರೀತಿಯ ಮಾತಾಡುವವರಲ್ಲ. ಸಿಡುಕಿ. ಕೆಲಸ ಚೆನ್ನಾಗಿದೆ ಅಂತ ಒಂದು ದಿನವೂ ಅನ್ನಲಿಲ್ಲ. ಒಮ್ಮೆ ತಾವು ನೋಡಿ ಮುಗಿಸಿದ ಪುಟವನ್ನು ನನ್ನ ಕಡೆ ತಳ್ಳಿ, “ನೀನೊಂದ್ಸಲ ನೋಡು” ಅಂದರು. ನನಗೆ ಬೇರೆ ಸರ್ಟಿಫಿಕೇಟ್ ಬೇಕಾಗಲಿಲ್ಲ.

ಹೆಲೆನ್ ಕೆಲರ್ ಅಂದರೆ ನನಗೆ ದೇವರು. ಮೊನ್ನೆ ಅವರ ಬಗ್ಗೆ ಒಂದು ಕೆಟ್ಟ ಸಂಗತಿ ಓದಿದೆ. ಈಗ ಏನು ಮಾಡಲಿ?
– ಬಿ.ಎಡ್. ವಿದ್ಯಾರ್ಥಿನಿ

1915ರದ್ದು ತಾನೇ? ಷಿಕಾಗೊದಲ್ಲಿ ತೀವ್ರ ಅಂಗವೈಕಲ್ಯದ ಮಗು ಹುಟ್ಟಿತು. ವೈದ್ಯನೊಬ್ಬ ಆಪರೇಷನ್ ಮಾಡದೆ ಅದನ್ನು ಸಾಯಲು ಬಿಟ್ಟ. ಕಣ್ಣು ಕಾಣದ, ಕಿವಿ ಕೇಳದ ಕೆಲರ್ ಆ ವೈದ್ಯನ ಪರವಾಗಿ ಬರೆದರು. ನಿಜ. ಓದಿದಾಗ ನನಗೂ ಹೊಟ್ಟೆ ಕಿವುಚಿತು.

ಇದನ್ನು ಮುಚ್ಚಿಡಬೇಡಿ. ನಾಳೆ ಪಾಠ ಮಾಡುವಾಗ ಇದನ್ನೂ ಹೇಳಿ. ಜೊತೆಗೆ ಆನ್ ಸಲಿವನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಿ. 1887ರಲ್ಲಿ ಕೆಲರ್‌ಗೆ ಪಾಠ ಹೇಳಲು ಬಂದ ಆ ಹುಡುಗಿಯ ಕಣ್ಣೂ ಸರಿ ಇರಲಿಲ್ಲ. ಕಾಲೇಜಿನಲ್ಲಿ ಪಕ್ಕ ಕೂತು, ಉಪನ್ಯಾಸಗಳನ್ನು ಕೆಲರ್ ಅಂಗೈಯಲ್ಲಿ ಅಕ್ಷರ ಅಕ್ಷರ ಬರೆದು ತಿಳಿಸಿದವರು ಅವರೇ. 1904ರಲ್ಲಿ ಪದವಿ ಬಂದದ್ದು ಕೆಲರ್‌ಗೆ ಮಾತ್ರ.

ಕೆಲಸ ನಾನು ಮಾಡುತ್ತೇನೆ, ಹೆಸರು ಮೇಲಿನವರಿಗೆ. ಇಂಥದ್ದನ್ನು ಅನುಭವಿಸಿದ ಮಹಿಳೆ ಯಾರಾದರೂ ಇದ್ದಾರಾ?
– ಕಚೇರಿ ಉದ್ಯೋಗಿ

ಪಟ್ಟಿ ಮಾಡಿದರೆ ಪತ್ರಿಕೆ ಸಾಲೋದಿಲ್ಲ. ಜೋಸೆಲಿನ್ ಬೆಲ್ ಒಬ್ಬರ ಕಥೆ ಹೇಳುತ್ತೇನೆ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ರೇಡಿಯೊ ದೂರದರ್ಶಕದ ಕಂಬ ನೆಡಲು ತಾವೇ ಸುತ್ತಿಗೆ ಬೀಸಿದ್ದರು. ಅದರಿಂದ ದಿನಕ್ಕೆ ಸುಮಾರು ನೂರಡಿ ಉದ್ದದ ಕಾಗದ ಗೀಟು ಹಾಕಿಸಿಕೊಂಡು ಹೊರಬರುತ್ತಿತ್ತು. ಎಲ್ಲವನ್ನೂ ಕಣ್ಣಿನಲ್ಲೇ ನೋಡಬೇಕು. ಅದರಲ್ಲಿ ಅರ್ಧ ಸೆಂಟಿಮೀಟರಿನಷ್ಟು ಜಾಗದಲ್ಲಿ ಏನೋ ಗೀಚಿದಂತಿತ್ತು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಬೆಲ್ ಬಿಡಲಿಲ್ಲ. ಇಂಥದ್ದೇ ಗೀಚು ಆಕಾಶದ ಅದೇ ಭಾಗದಿಂದ ಮೊದಲೂ ಬಂದಿತ್ತಲ್ಲ ಅಂ‍ತ ನೆನಪಾಗಿ ಹಳೆಯ ಕಾಗದ ತೆಗೆದು ನೋಡಿದರು. ಕಾಗದದ ವೇಗ ಹೆಚ್ಚಿಸಿ ಮತ್ತೆ ದಾಖಲಿಸಿದಾಗ ಸುಮಾರು 1.3 ಸೆಕೆಂಡಿಗೊಂದು ಮಿಡಿತ ಕಂಡಿತು. ಅದೇ ಮೊದಲ ಪಲ್ಸಾರ್, ಅಂದರೆ ಗಿರ್ರನೆ ತಿರುಗುತ್ತಾ ಮಿಡಿತದ ಹಾಗೆ ರೇಡಿಯೊ ಅಲೆ ಕಳಿಸುವ ನಕ್ಷತ್ರ. ಅವರ ಪಿಎಚ್.ಡಿ. ಪ್ರಬಂಧದಲ್ಲಿ ಪಲ್ಸಾರ್‌ಗೆ ಸಿಕ್ಕ ಜಾಗ ಕೊನೆಯ ಅನುಬಂಧ!

1974ರಲ್ಲಿ ನೊಬೆಲ್ ಬಂತು, ಅವರ ಮಾರ್ಗದರ್ಶಕ ಹ್ಯೂಯಿಷ್ ಮತ್ತು ಇನ್ನೊಬ್ಬ ವಿಜ್ಞಾನಿ ರೈಲ್ ಅವರಿಗೆ. ಬೆಲ್ ಕಹಿ ಮಾಡಿಕೊಳ್ಳಲಿಲ್ಲ. 2018ರಲ್ಲಿ ಬೇರೊಂದು ದೊಡ್ಡ ಬಹುಮಾನ ಬಂದಾಗ ಮೂವತ್ತು ಲಕ್ಷ ಡಾಲರ್ ಪೂರ್ತಿ ಭೌತಶಾಸ್ತ್ರ ಸಂಶೋಧನೆಯಲ್ಲಿ ಅವಕಾಶ ಕಡಿಮೆ ಇರುವವರ ವಿದ್ಯಾರ್ಥಿವೇತನಕ್ಕೆ ಕೊಟ್ಟರು.

ಅವರ ದೊಡ್ಡ ಮನಸ್ಸನ್ನು ಮೆಚ್ಚಿ. ಅದು ನಿಮಗೂ ಇರಲೇಬೇಕು ಅಂತೇನಿಲ್ಲ. ಪರಮಾಣು ಸೀಳುವಿಕೆಯನ್ನು ವಿವರಿಸಿದ ಲೀಸೆ ಮೈಟ್ನರ್ ಅವರನ್ನು ಬಿಟ್ಟು 1944ರ ನೊಬೆಲ್ ಓಟೊ ಹಾನ್ ಒಬ್ಬರಿಗೇ ಹೋಯಿತು. ಮೈಟ್ನರ್ ತಮಗಾದ ನೋವನ್ನು ಗೆಳೆಯರಿಗೆ ಪತ್ರದಲ್ಲಿ ಬರೆದುಕೊಂಡರು. ಅವರನ್ನೂ ನಾನು ಅಷ್ಟೇ ಮೆಚ್ಚುತ್ತೇನೆ.

ನೀವು ಬೆಲ್ ಅವರಿಂದ ಕಲಿಯಬೇಕಾದದ್ದು ಆ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡದ್ದನ್ನು. ಏನು ಮಾಡಿದಿರಿ, ಯಾವಾಗ ಮಾಡಿದಿರಿ, ದಿನಾಂಕ ಹಾಕಿ ಬರೆದಿಡಿ. ಕೆಲಸ ಒಪ್ಪಿಸುವಾಗ ಬಾಯಲ್ಲಿ ಹೇಳಬೇಡಿ, ಇಮೇಲ್ ಮಾಡಿ. ಮುಂದಿನ ಮೀಟಿಂಗಿನಲ್ಲಿ ನಿಮ್ಮ ಮೇಲಿನವರು ಅದನ್ನು ತೋರಿಸುವಾಗ ಯಾರಾದರೂ ವಿವರ ಕೇಳೇ ಕೇಳುತ್ತಾರೆ, ಅವರಿಗೆ ಉತ್ತರ ಗೊತ್ತಿರೋದಿಲ್ಲ. ಆಗ ಅವರ ಸಹಾಯಕ್ಕೆ ಹೋಗುವ ಥರ ಎದ್ದು ನಿಂತು, ಪೂರ್ತಿ ಉತ್ತರ ನೀವೇ ಹೇಳಿ.